ಕಾಟಾ ನಿಲ್ಲಿಸದೆ ತೆಗೆದ ಫೋಟೊ

ಹಂಗಾಮು ಶುರುವಾಯಿತೆಂದರೆ ಬಾಡಗಂಡಿಯ ಸುತ್ತಲಿನ ರಸ್ತೆಗಳಿಗೆ ರಾತ್ರಿ ಎಂಬುದಿಲ್ಲ. ಬೀಳಗಿ ತಾಲ್ಲೂಕಿನ ಈ ಊರಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕೃಷ್ಣಾ, ಘಟಪ್ರಭಾ ನೀರುಂಡ ಜಮಖಂಡಿ, ಮುಧೋಳ ಸೀಮೆಯಲ್ಲೂ ಇಂಥವು ಹಲವಿವೆ. ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಜೋರಾಗಿ ಹಚ್ಚಿಕೊಂಡು ಬಂದ ಟ್ರ್ಯಾಕ್ಟರುಗಳು ಕಾಟಾದ ಮುಂದೆ ಪಾಳಿ ಹಚ್ಚುತ್ತವೆ. ಕಬ್ಬು ತುಂಬಿದ ಗಾಡಿ ಕಾಟಾ ಏರುತ್ತದೆ, ಭರ್ತಿ ತೂಕ ಕಂಪ್ಯೂಟರಿಗೆ ಹೋಗುತ್ತದೆ. ಗಾಡಿ ಯಾರ್ಡಿಗೆ ಹೋಗಿ ಕಬ್ಬು ಇಳಿಸಿ ಮತ್ತೆ ಕಾಟಾಕ್ಕೆ ಬಂದಾಗ ಖಾಲಿ ತೂಕ ದಾಖಲಾಗುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ರೈತನ ಕಬ್ಬು ಎಷ್ಟೆಂದು ಗೊತ್ತಾಗುತ್ತದೆ, ಚೀಟಿ ಕೈಗೆ ಬರುತ್ತದೆ.

ಈ ಎರಡು ತೂಕಗಳ ನಡುವೆ ಗಾಡಿ ಯಾರ್ಡಿನಲ್ಲಿರುವಷ್ಟು ಹೊತ್ತು ಲೆಕ್ಕ ಅರ್ಧಕ್ಕೆ ನಿಂತಿರುತ್ತದೆ. ಭರ್ತಿ 28 ಟನ್ ಎಂದು ಬರೆದಿದೆ, ಖಾಲಿ ತೂಕ ಇನ್ನೂ ಇಲ್ಲ. ಆ ಹೊತ್ತಿಗೆ ಕಂಪ್ಯೂಟರಿನ ನಕಲು ತೆಗೆದರೆ ಸಿಗುವುದೂ ಅರ್ಧ ಲೆಕ್ಕವೇ. ಅದರಿಂದ ಭಯವಿಲ್ಲ; ಗಾಡಿ ಒಳಗಿದೆ ಎಂದು ಪುಸ್ತಕವೇ ಹೇಳುತ್ತದೆ. ಭಯ ಇರುವುದು ನಕಲು ತೆಗೆಯುವುದಕ್ಕೇ ಮುಕ್ಕಾಲು ಗಂಟೆ ಹಿಡಿದಾಗ. ರಾತ್ರಿ ಎರಡಕ್ಕೆ ಭರ್ತಿ ತೂಕದ ಪುಸ್ತಕ ನಕಲಾಯಿತು, ಎರಡೂವರೆಗೆ ಬಿಲ್ಲಿನ ಪುಸ್ತಕ ನಕಲಾಯಿತು ಎನ್ನಿ. ಎರಡು ಗಂಟೆ ಐದು ನಿಮಿಷಕ್ಕೆ ಬಂದು, ಇಳಿಸಿ, ಎರಡೂ ಇಪ್ಪತ್ತೈದಕ್ಕೆ ಹೋದ ಗಾಡಿ ಬಿಲ್ಲಿನಲ್ಲಿದೆ, ಕಾಟಾದಲ್ಲಿಲ್ಲ. ಬಾರದ ಗಾಡಿಗೆ ಬಿಲ್ಲಾಗಿದೆ! ಈ ನಕಲು ಯಾವ ಗಳಿಗೆಯ ಸತ್ಯವೂ ಅಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25ರ ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ನಿಗದಿ ಮಾಡಿತ್ತು. ಹಾಗೆಂದರೆ 20 ಟನ್ನಿನ ಒಂದು ಗಾಡಿ, ಕಟಾವು-ಸಾಗಣೆ ಕಳೆಯುವ ಮೊದಲು, 71 ಸಾವಿರ ರೂಪಾಯಿ. ಒಂದು ಸಾಲು ಅತ್ತಿತ್ತ ಆದರೆ ಯಾರೋ ಒಬ್ಬರ ಮನೆಯ ಲೆಕ್ಕ ತಪ್ಪುತ್ತದೆ.

ಪಹಣಿಯಲ್ಲೂ ಇದೇ ಕಥೆ. ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ನಾಲ್ಕು ಎಕರೆ ಹೊಲ ಇಬ್ಬರು ಅಣ್ಣತಮ್ಮಂದಿರಿಗೆ ಹಂಚಿಕೆಯಾಗುವಾಗ ಅಣ್ಣನ ಹೆಸರಿನಲ್ಲಿ ಎರಡು ಎಕರೆ ಕಳೆಯಬೇಕು, ತಮ್ಮನ ಹೆಸರಿಗೆ ಎರಡು ಎಕರೆ ಕೂಡಬೇಕು. ಕಳೆದದ್ದು ನಕಲಿಗೆ ಬಂದು ಕೂಡಿದ್ದು ಬಾರದಿದ್ದರೆ ಎರಡು ಎಕರೆ ಗಾಳಿಯಲ್ಲಿ ಹೋಯಿತು. ಹೊಲ ಇದ್ದಲ್ಲೇ ಇರುತ್ತದೆ, ಆದರೆ ಕಚೇರಿಯಲ್ಲಿ ಹೊಲ ಎಂದರೆ ಕಾಗದ ತಾನೆ.

ಓಡಾಡುವ ಜನರನ್ನು ಎಣಿಸುವ ಜನಗಣತಿಯವರು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿದ್ದಾರೆ. 2011ರಲ್ಲಿ ಗಣತಿದಾರರು ಫೆಬ್ರುವರಿ 9ರಿಂದ 28ರವರೆಗೆ ಮನೆಮನೆ ತಿರುಗಿದರು. ಆದರೆ ಲೆಕ್ಕ ಮಾತ್ರ ಮಾರ್ಚ್ 1ರ ಶೂನ್ಯ ಗಂಟೆಯದು. ಸೂರಿಲ್ಲದವರನ್ನು ಫೆಬ್ರುವರಿ 28ರ ರಾತ್ರಿಯೇ ಎಣಿಸಿದರು. ಮಾರ್ಚ್ 1ರಿಂದ 5ರವರೆಗೆ ಮತ್ತೊಮ್ಮೆ ಹೋಗಿ, ನಡುವೆ ಹುಟ್ಟಿದವರನ್ನು ಸೇರಿಸಿ ತೀರಿಕೊಂಡವರನ್ನು ಕಳೆದರು. ಮೊದಲು ನಿಧಾನವಾಗಿ ಒರಟು ನಕಲು ತೆಗೆಯುವುದು, ಆಮೇಲೆ ಅಷ್ಟರೊಳಗೆ ಆದ ಬದಲಾವಣೆಗಳನ್ನು ಅದರ ಮೇಲೆ ಹಚ್ಚಿ ಒಂದೇ ಗಳಿಗೆಗೆ ತಂದು ನಿಲ್ಲಿಸುವುದು. ದೊಡ್ಡ ಡೇಟಾಬೇಸುಗಳು ಓಡುತ್ತಿರುವಾಗಲೇ ಬ್ಯಾಕಪ್ ಕೊಡುವುದೂ ಹೀಗೆಯೇ. ಬದಲಾವಣೆಗಳನ್ನು ಬರೆದಿಡುವ ಪುಸ್ತಕಕ್ಕೆ ಅಲ್ಲಿ ‘ಲಾಗ್’ ಎಂದು ಹೆಸರು.

ವರ್ಚುವಲ್ ಮಷೀನಿನಲ್ಲಿ ಇನ್ನೊಂದು ದಾರಿಯಿದೆ. ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರ್. ಒಂದು ದೊಡ್ಡ ಸರ್ವರಿನ ಒಳಗೆ ಕಾಟಾದ ಲೆಕ್ಕಕ್ಕೊಂದು, ಬಿಲ್ಲಿಗೊಂದು, ಸಂಬಳಕ್ಕೊಂದು ಹೀಗೆ ಹತ್ತು ಕಂಪ್ಯೂಟರುಗಳು ಓಡುತ್ತವೆ. ವಾಡೆಯೊಳಗಿನ ಬಾಡಿಗೆ ಮನೆಗಳಂತೆ ಪ್ರತಿಯೊಂದಕ್ಕೂ ತಾನೇ ಯಜಮಾನ ಎಂಬ ಭ್ರಮೆ. 1960ರ ದಶಕದಲ್ಲಿ ಐಬಿಎಂನವರು ದೊಡ್ಡ ಯಂತ್ರಗಳಲ್ಲಿ ಇದನ್ನು ಮಾಡಿದ್ದರು. 1999ರಲ್ಲಿ ವಿಎಂವೇರ್ ಸಾಮಾನ್ಯ ಪಿಸಿಗೆ ತಂದಿತು, 2007ರಲ್ಲಿ ಲಿನಕ್ಸ್‌ನ ತಿರುಳಿಗೇ ಕೆವಿಎಂ ಸೇರಿತು. ಇಂಥ ಮಷೀನಿನ ಹಾರ್ಡ್‌ಡಿಸ್ಕ್ ಎಂದರೆ ಸಾಮಾನ್ಯವಾಗಿ ಹೊರಗಿನ ಸರ್ವರಿನಲ್ಲಿರುವ ಒಂದು ದೊಡ್ಡ ಫೈಲು, ಅಷ್ಟೆ. ಕೀಲಿ ಇರುವುದು ಇಲ್ಲಿ.

ಸ್ನ್ಯಾಪ್‌ಶಾಟ್, ಅಂದರೆ ಫೋಟೊ, ಎಂದು ಹೇಳಿದ ಕ್ಷಣ ಆ ಫೈಲಿಗೆ ಬೀಗ ಬೀಳುತ್ತದೆ. ಇನ್ನು ಬರೆಯುವುದೆಲ್ಲ ಪಕ್ಕದ ಹೊಸ ಫೈಲಿಗೆ. ಅಂಗಡಿಯವ ಹಳೆ ಖಾತೆ ಪುಸ್ತಕಕ್ಕೆ ದಾರ ಕಟ್ಟಿಟ್ಟು ಹೊಸದು ತೆರೆದಂತೆ. ಯಾರಾದರೂ ಬಾಕಿ ಕೇಳಿದರೆ ಮೊದಲು ಹೊಸದರಲ್ಲಿ ನೋಡುತ್ತಾನೆ, ಇಲ್ಲದಿದ್ದರೆ ಹಳೆಯದನ್ನು ಬಿಚ್ಚಿ ಓದುತ್ತಾನೆ, ಆದರೆ ಅದರಲ್ಲಿ ಗೀಚುವುದಿಲ್ಲ. ಇಷ್ಟಕ್ಕೆ ಹಿಡಿಯುವುದು ಕ್ಷಣ ಮಾತ್ರ, ಏಕೆಂದರೆ ಏನನ್ನೂ ನಕಲು ಮಾಡಿಲ್ಲ. ಬೀಗ ಬಿದ್ದ ಫೈಲನ್ನು ಆಮೇಲೆ ಮುಕ್ಕಾಲು ಗಂಟೆಯಲ್ಲ, ಮೂರು ಗಂಟೆ ಹಿಡಿದರೂ ಸಾವಕಾಶವಾಗಿ ಬೇರೆಡೆಗೆ ಸಾಗಿಸಬಹುದು. ಕಾಟಾ ತನ್ನ ಪಾಡಿಗೆ ತೂಗುತ್ತಲೇ ಇರುತ್ತದೆ.

ಎಲ್ಲ ಮುಗಿಯಿತಲ್ಲ ಎನ್ನುವ ಹಾಗಿಲ್ಲ. ಫೋಟೊ ಬಿದ್ದದ್ದು ಡಿಸ್ಕಿನದು. ಕಾಟಾದ ಕ್ಲರ್ಕಿನ ಕೈಯಲ್ಲಿ ಇನ್ನೂ ಪುಸ್ತಕಕ್ಕೆ ಏರಿಸದ ನಾಲ್ಕು ಚೀಟಿಗಳಿವೆಯಲ್ಲ, ಕಂಪ್ಯೂಟರಿಗೂ ಅಂಥ ಕೈಯಿದೆ. ಪ್ರತಿ ಸಲ ಡಿಸ್ಕಿಗೆ ಬರೆಯುವುದು ನಿಧಾನವೆಂದು ಅದು ಒಂದಿಷ್ಟನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಫೋಟೊದಲ್ಲಿ ಪುಸ್ತಕ ಬಂತು, ಕೈಯ ಚೀಟಿ ಬರಲಿಲ್ಲ. ಆ ಫೋಟೊದಿಂದ ಮಷೀನನ್ನು ಮತ್ತೆ ಎಬ್ಬಿಸಿದರೆ, ಕರೆಂಟ್ ಹೋಗಿ ಬಂದಾಗ ಹೇಗೆ ಎದ್ದೇಳುತ್ತದೋ ಹಾಗೆ ಎದ್ದೇಳುತ್ತದೆ. ಕರೆಂಟ್ ಹೋಗುವುದೆಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸದವರು ಇದನ್ನು ‘ಕ್ರ್ಯಾಶ್ ಕನ್ಸಿಸ್ಟೆಂಟ್’ ಎನ್ನುತ್ತಾರೆ.

ಇದು ಸಾಕೇ ಎಂದರೆ ಒಳಗೆ ಏನು ಓಡುತ್ತಿದೆ ನೋಡಬೇಕು. ಪೋಸ್ಟ್‌ಗ್ರೆಸ್, ಒರಾಕಲ್‌ನಂಥ ಡೇಟಾಬೇಸುಗಳು ಏನು ಮಾಡಲಿದ್ದೇವೆ ಎಂಬುದನ್ನು ಮೊದಲು ಲಾಗ್‌ನಲ್ಲಿ ಬರೆದು ಡಿಸ್ಕಿಗೆ ಮುಟ್ಟಿಸಿ, ನಂತರವೇ ಪುಸ್ತಕ ತಿದ್ದುತ್ತವೆ. ಎದ್ದ ಮೇಲೆ ಲಾಗ್ ಓದಿ, ಮುಗಿದದ್ದನ್ನು ಪೂರ್ತಿ ಮಾಡಿ, ಅರ್ಧಕ್ಕೆ ನಿಂತದ್ದನ್ನು ಅಳಿಸುತ್ತವೆ. ಅವು ಕರೆಂಟ್ ಹೋದರೆ ಹೆದರುವ ಜಾತಿಯಲ್ಲ. ಆದರೆ ಹಳೆಯ ಫಾಕ್ಸ್‌ಪ್ರೊ ಮಾದರಿಯ ತಂತ್ರಾಂಶಕ್ಕೆ ಇಂಥ ಲಾಗ್ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ಇಂಡೆಕ್ಸ್ ಕೆಟ್ಟಿತು ಎಂದು ತಲೆ ಮೇಲೆ ಕೈಹೊತ್ತು ಕೂತ ಹಳೆಯ ಗುಮಾಸ್ತರಿಗೆ ಇದು ಗೊತ್ತು. ಲಾಗ್ ಇದ್ದವರಿಗೂ ಒಂದು ಹಳ್ಳವಿದೆ. ಪುಸ್ತಕ ಒಂದು ಡಿಸ್ಕಿನಲ್ಲಿ, ಲಾಗ್ ಇನ್ನೊಂದರಲ್ಲಿ ಇಟ್ಟು, ಎರಡರ ಫೋಟೊವನ್ನು ಬೇರೆ ಬೇರೆ ಗಳಿಗೆಯಲ್ಲಿ ತೆಗೆದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಆದ್ದರಿಂದ ಫೋಟೊ ತೆಗೆಯುವ ಮೊದಲು ಒಳಗಿನವರಿಗೆ ಹೇಳಬೇಕು: “ತಮ್ಮಾ, ಕೈಯಾಗಿರೋ ಚೀಟಿ ಎಲ್ಲ ಬರ್ದ್ ಮುಗಸು, ಒಂದ್ ಗಳಿಗೆ ಹೊಸಾದ್ ಹಿಡೀಬ್ಯಾಡ.” ವಿಂಡೋಸ್‌ನಲ್ಲಿ ಈ ಹೇಳುವ ಕೆಲಸವನ್ನು ‘ವಾಲ್ಯೂಮ್ ಶ್ಯಾಡೊ ಕಾಪಿ’ ಎಂಬ ಸೇವೆ ಮಾಡುತ್ತದೆ. ಎಕ್ಸ್‌ಪಿ ಮತ್ತು ಸರ್ವರ್ 2003ರ ಕಾಲದಲ್ಲಿ ಬಂದದ್ದು. ಡೇಟಾಬೇಸು, ಇಮೇಲ್ ಸರ್ವರ್ ಮೊದಲಾದವುಗಳಿಗೆ ಅದರಲ್ಲಿ ಒಬ್ಬೊಬ್ಬ ‘ರೈಟರ್’ ಇರುತ್ತಾನೆ. ಆತ ಕೆಲಸ ಹಿಡಿದು ನಿಲ್ಲಿಸಬಹುದಾದದ್ದು 60 ಸೆಕೆಂಡು. ಡಿಸ್ಕಿಗೆ ಬರೆಯುವುದನ್ನೇ ತಡೆದು ನಿಜವಾದ ಫೋಟೊ ಹೊಡೆಯಲು ಇರುವ ಅವಧಿ 10 ಸೆಕೆಂಡು. ಅಷ್ಟರಲ್ಲಿ ಮುಗಿಯದಿದ್ದರೆ ಫೋಟೊ ರದ್ದು. ಈ ಗಡುವನ್ನು ನಾನು ಮೆಚ್ಚುತ್ತೇನೆ. ಬ್ಯಾಕಪ್ಪಿಗಾಗಿ ಕಾಟಾವನ್ನು ಹತ್ತು ನಿಮಿಷ ನಿಲ್ಲಿಸಿದರೆ ಪಾಳಿಯಲ್ಲಿರುವ ಡ್ರೈವರುಗಳು ಏನು ಹೇಳುತ್ತಾರೆಂಬುದನ್ನು ಇಲ್ಲಿ ಅಚ್ಚು ಮಾಡಲಾಗದು. ಲಿನಕ್ಸ್‌ನಲ್ಲಿ ಫೈಲ್ ವ್ಯವಸ್ಥೆಯನ್ನು ‘ಫ್ರೀಜ್’ ಮಾಡಿ ಬಿಡುವ ಸೌಲಭ್ಯವಿದೆ. ಕೆವಿಎಂನಲ್ಲಾದರೆ ‘ಗೆಸ್ಟ್ ಏಜೆಂಟ್’ ಎಂಬ ಪುಟ್ಟ ತಂತ್ರಾಂಶ ಒಳಗೆ ಕೂತು ಹೊರಗಿನ ಸರ್ವರಿನ ಮಾತನ್ನು ಒಳಗಿನವರಿಗೆ ಮುಟ್ಟಿಸುತ್ತದೆ. ಅದನ್ನು ಹಾಕುವುದನ್ನೇ ಮರೆತವರು ಬಹಳ. ಆಗ ಎಷ್ಟೋ ಬ್ಯಾಕಪ್ ತಂತ್ರಾಂಶಗಳು ಯಾರಿಗೂ ಹೇಳದೆ ಕೇಳದೆ ಫೋಟೊ ತೆಗೆದು, ಹಸಿರು ಗುರುತು ತೋರಿಸಿ, ಮುಂದಕ್ಕೆ ಹೋಗುತ್ತವೆ.

ಕಾಟಾ ಒಂದು ಮಷೀನಿನಲ್ಲಿ, ಬಿಲ್ಲು ಇನ್ನೊಂದರಲ್ಲಿ ಇದ್ದರೆ? ತೂಕದ ಸುದ್ದಿ ಒಂದರಿಂದ ಹೊರಟು ಇನ್ನೊಂದಕ್ಕೆ ಮುಟ್ಟುವ ಮೊದಲು ತಂತಿಯಲ್ಲಿರುತ್ತದೆ. ಎರಡೂ ಫೋಟೊದಲ್ಲಿ ಅದಿಲ್ಲ. ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟವರು ಕೇರಳ ಮೂಲದ ಕೆ. ಮಣಿ ಚಾಂಡಿ ಮತ್ತು ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್, 1985ರ ಪ್ರಬಂಧದಲ್ಲಿ. ವಲಸೆ ಹಕ್ಕಿಗಳು ತುಂಬಿದ ಆಕಾಶದ ಹೋಲಿಕೆಯನ್ನು ಅವರು ಬಳಸಿದರು: ಒಂದೇ ಫೋಟೊಗೆ ಹಿಡಿಸದಷ್ಟು ದೊಡ್ಡ ಆಕಾಶ, ಹಲವರು ತೆಗೆದ ತುಂಡುಗಳನ್ನು ಜೋಡಿಸಬೇಕು, ಹಕ್ಕಿಗಳನ್ನು ನಿಲ್ಲಿ ಎನ್ನುವ ಹಾಗಿಲ್ಲ. ಚಳಿಗಾಲದಲ್ಲಿ ಚಿಕ್ಕಸಂಗಮದ ಬಳಿ ಆಲಮಟ್ಟಿಯ ಹಿನ್ನೀರಿಗೆ ಇಳಿಯುವ ರಾಜಹಂಸ, ಪಟ್ಟೆತಲೆ ಹೆಬ್ಬಾತುಗಳ ಹಿಂಡನ್ನು ನೋಡಿದ ಬೀಳಗಿಯವರಿಗೆ ಇದರ ಕಷ್ಟ ತಟ್ಟನೆ ಹೊಳೆಯಬೇಕು. ಈ ಪ್ರಬಂಧ ಹುಟ್ಟಿದ ಬಗೆಯನ್ನು ಲ್ಯಾಂಪೋರ್ಟ್ ಸ್ವತಃ ಹೇಳಿಕೊಂಡಿದ್ದಾರೆ. ಆಸ್ಟಿನ್‌ನಲ್ಲಿ ರಾತ್ರಿ ಊಟದ ಹೊತ್ತಿಗೆ ಚಾಂಡಿ ಪ್ರಶ್ನೆ ಎತ್ತಿದರು. ಇಬ್ಬರೂ ವೈನ್ ಹೆಚ್ಚಾಗಿದ್ದರಿಂದ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡುವಾಗ ಲ್ಯಾಂಪೋರ್ಟ್‌ಗೆ ಉತ್ತರ ಹೊಳೆಯಿತು. ಚಾಂಡಿಯವರ ಕಚೇರಿಗೆ ಹೋದರೆ ಅವರೂ ಅದೇ ಉತ್ತರ ಹಿಡಿದು ಕಾಯುತ್ತಿದ್ದರಂತೆ.

ಉಪಾಯ ಇಷ್ಟು. ಹೊಲದಿಂದ ಕಾರ್ಖಾನೆಗೆ ಗಾಡಿಗಳು ಒಂದನ್ನೊಂದು ಹಿಂದಿಕ್ಕದೆ ಬರುತ್ತಿವೆ. (ಇದು ಗಣಿತದ ರಸ್ತೆ, ನಮ್ಮ ರಸ್ತೆಯಲ್ಲ.) ಹೊಲದವನು ಇಲ್ಲಿಯವರೆಗೆ ಕಳಿಸಿದ್ದನ್ನು ಬರೆದಿಟ್ಟು, ಕೆಂಪು ಬಾವುಟ ಕಟ್ಟಿದ ಒಂದು ಗಾಡಿ ಬಿಡುತ್ತಾನೆ. ಕಾರ್ಖಾನೆಯವನು ತನ್ನ ಲೆಕ್ಕ ಇನ್ನೂ ಬರೆದಿರದಿದ್ದರೆ ಬಾವುಟ ಕಂಡ ಕೂಡಲೇ ಬರೆಯುತ್ತಾನೆ. ಮೊದಲೇ ಬರೆದಿದ್ದರೆ, ಅದಾದ ಮೇಲೆ ಬಾವುಟಕ್ಕಿಂತ ಮುಂದೆ ಬಂದ ಗಾಡಿಗಳನ್ನು ‘ದಾರಿಯಲ್ಲಿದ್ದವು’ ಎಂದು ಬೇರೆ ಹಾಳೆಯಲ್ಲಿ ಗುರುತಿಸುತ್ತಾನೆ. ಬಾವುಟದ ಹಿಂದಿನವು ಮುಂದಿನ ಲೆಕ್ಕಕ್ಕೆ. ಯಾರೂ ನಿಲ್ಲಲಿಲ್ಲ, ಒಂದು ಗಾಡಿಯೂ ತಪ್ಪಲಿಲ್ಲ, ಎರಡು ಸಲ ಎಣಿಸಲೂ ಇಲ್ಲ. ಒಂದೇ ಸ್ಟೋರೇಜಿನ ಮೇಲಿರುವ ಮಷೀನುಗಳಿಗೆ ಇಷ್ಟು ಜಾಣತನ ಬೇಕಿಲ್ಲ. ಅವುಗಳ ಡಿಸ್ಕುಗಳನ್ನು ಒಂದು ಗುಂಪಾಗಿ ಕಟ್ಟಿ, ಎಲ್ಲಕ್ಕೂ ಒಟ್ಟಿಗೆ ಉಸಿರು ಹಿಡಿಸಿ ಫೋಟೊ ತೆಗೆದರೆ ಆಯಿತು.

ಸ್ನ್ಯಾಪ್‌ಶಾಟ್ ತೆಗೆದು ಅದನ್ನೇ ಬ್ಯಾಕಪ್ ಎಂದು ನಂಬಿ ಕೂರುವವರಿದ್ದಾರೆ. ಹಳೆ ಖಾತೆ, ಹೊಸ ಖಾತೆ ಎರಡೂ ಒಂದೇ ಕಪಾಟಿನಲ್ಲಿವೆ. ಕಪಾಟಿಗೆ ಬೆಂಕಿ ಬಿದ್ದರೆ ಎರಡೂ ಹೋದವು. ಬಹಳ ದಿನ ಬಿಟ್ಟರೆ ಹೊಸ ಫೈಲು ಉಬ್ಬಿ ಮಷೀನ್ ನಿಧಾನವಾಗುತ್ತದೆ, ಜಾಗ ತುಂಬಿದರೆ ನಿಂತೇ ಹೋಗುತ್ತದೆ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಎಂಬುದು ವಿಎಂವೇರ್‌ನ ಸಲಹೆ. ನಕಲು ಹೊರಗೆ ಮುಟ್ಟಿದ ಮೇಲೆ ಹೊಸದನ್ನು ಹಳೆಯದರೊಳಗೆ ಸೇರಿಸಿ ಮುಚ್ಚಬೇಕು. ಹೊರಗಿನ ನಕಲಿನ ಬೆಲೆ ತಿಳಿಯಲು ಒಂದು ಉದಾಹರಣೆ: 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ಆಯಿತು. ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದಾಳಿಕೋರರು ಗುಪ್ತಲಿಪಿಯ ಬೀಗ ಜಡಿದರು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ಹೆಚ್ಚುಕಡಿಮೆ ಎರಡು ವಾರ ಕಾಗದ-ಪೆನ್ನಿನಲ್ಲಿ ನಡೆಯಿತು. ದಾಳಿಗೆ ಸಿಗದೆ ಉಳಿದಿದ್ದ ಬೇರೊಂದು ಸರ್ವರಿನ ಬ್ಯಾಕಪ್ಪಿನಿಂದ ಮಾಹಿತಿ ಮರಳಿತು.

ಗಿಟ್‌ಲ್ಯಾಬ್ ಕಂಪನಿಯ ಕಥೆ ಇನ್ನೂ ಮೋಜಿನದು. 2017ರ ಜನವರಿ 31ರ ರಾತ್ರಿ ದಣಿದ ಇಂಜಿನಿಯರ್ ಒಬ್ಬರು ಎರಡನೇ ಸರ್ವರಿನಲ್ಲಿ ಅಳಿಸಬೇಕಾದದ್ದನ್ನು ಮೊದಲನೆಯದರಲ್ಲಿ ಅಳಿಸಿದರು. ಸುಮಾರು 300 ಗಿಗಾಬೈಟಿನಲ್ಲಿ 4.5 ಉಳಿಯಿತು. ಬ್ಯಾಕಪ್ ಇಡಬೇಕಿದ್ದ ಜಾಗ ತೆರೆದರೆ ಖಾಲಿ. ಡೇಟಾಬೇಸಿನ ಆವೃತ್ತಿ ಹೊಂದದೆ ಬ್ಯಾಕಪ್ ದಿನವೂ ವಿಫಲವಾಗುತ್ತಿತ್ತು, ವಿಫಲವಾಯಿತೆಂಬ ಇಮೇಲುಗಳೂ ಯಾರಿಗೂ ಮುಟ್ಟುತ್ತಿರಲಿಲ್ಲ. ಕಾಪಾಡಿದ್ದು ಅದೇ ಇಂಜಿನಿಯರ್ ಸುಮಾರು ಆರು ಗಂಟೆ ಮೊದಲು ಬೇರೇನೋ ಪರೀಕ್ಷೆಗೆಂದು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್.

ಕಾರ್ಖಾನೆಗಳಿಗೆ ಬೇಸಿಗೆಯಲ್ಲಿ ಬಿಡುವು. ಗಿರಣಿಯ ರೋಲರ್ ಬಿಚ್ಚಿ ಸಾಣೆ ಹಿಡಿಯುವ ಆ ದಿನಗಳಲ್ಲಿ ಕಂಪ್ಯೂಟರ್ ಕೋಣೆಯವರು ಒಂದು ಖಾಲಿ ಸರ್ವರ್ ತೆಗೆದುಕೊಂಡು, ಜನವರಿಯ ಯಾವುದಾದರೂ ರಾತ್ರಿಯ ಬ್ಯಾಕಪ್ಪನ್ನು ಅದರ ಮೇಲೆ ಎಬ್ಬಿಸಿ ನೋಡಬಹುದು. ಅದು ಸರಿ ಇದೆಯೋ ಇಲ್ಲವೋ ತಿಳಿಯಲು ಹಸಿರು ಗುರುತು ಬೇಡ. ಆ ರಾತ್ರಿ ಕಬ್ಬು ಹಾಕಿದ ರೈತರೊಬ್ಬರನ್ನು ಕರೆದು, “ಕಾಕಾ, ನಿಮ್ಮ ಕಾಟಾ ಚೀಟಿ ಐತೇನ್ರಿ?” ಎಂದು ಕೇಳಿ, ಅದರ ಭರ್ತಿ ತೂಕ, ಖಾಲಿ ತೂಕ, ಬಿಲ್ಲು ಮೂರನ್ನೂ ಎದ್ದ ಮಷೀನಿನಲ್ಲಿ ಹುಡುಕಿದರೆ ಸಾಕು. ಚೀಟಿ ಅವರ ಮನೆಯ ಟ್ರಂಕಿನಲ್ಲಿ ಇದ್ದೇ ಇರುತ್ತದೆ.