ಮನೆಯಲ್ಲಿ ಬಸುರಿ, ಕೊಟ್ಟಿಗೆಯಲ್ಲಿ ಗಬ್ಬದ ಹಸು

ಹೋದ ಮಳೆಗಾಲದ ಒಂದು ಬೆಳಿಗ್ಗೆ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಏಳು ತಿಂಗಳ ಗಬ್ಬದ ಹಸು ರಾತ್ರಿ ಕಂದು ಹಾಕಿದೆ, ಕಸ ಇನ್ನೂ ಬಿದ್ದಿಲ್ಲ, ಬೇಗ ಬನ್ನಿ ಅಂದರು. ನಾನು ಹೋಗುವ ಹೊತ್ತಿಗೆ ಸತ್ತ ಕರುವನ್ನು ಗೋಣಿಚೀಲದ ಮೇಲೆ ಎಳೆದು ಹಾಕಿದ್ದರು. ಹಸುವಿನ ಹಿಂದೆ ಆ ಮನೆಯ ಸೊಸೆ ಕುಕ್ಕರಗಾಲಲ್ಲಿ ಕುಳಿತು ನೆಲ ತೊಳೆಯುತ್ತಿದ್ದಳು. ಬರಿಗೈ, ಬರಿಗಾಲು. ನನ್ನನ್ನು ಕಂಡು ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಎದ್ದಳು. ಆಗಲೇ ನನಗೆ ಕಂಡಿದ್ದು, ಅವಳೂ ಬಸುರಿ.

"ಎಷ್ಟು ತಿಂಗಳಮ್ಮ?" ಅಂದೆ.

"ಆರು ತುಂಬಿ ಏಳರಲ್ಲಿ ಬಿದ್ದೈತೆ ಮೇಡಂ."

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನನಗೆ ಮಂಡಿ ನೋವು, ಕೂರಕ್ಕಾಗಲ್ಲ. ಮಗ ಹಾಲು ಹಾಕಕ್ಕೆ ಡೈರಿಗೆ ಹೋಗವನೆ. ಇವಳಿಗೆ ಅಭ್ಯಾಸ ಐತೆ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಲಸ ಇತ್ತು, ಕೈ ಖಾಲಿ ಇದ್ದವರು ಮಾಡಿದ್ದರು.

ಅವತ್ತು ನಾನು ಹಸುವನ್ನು ಮುಟ್ಟುವ ಮೊದಲು ಆ ಹುಡುಗಿಯನ್ನು ಸೋಪು ಹಚ್ಚಿ ಕೈಕಾಲು ತೊಳೆದು ಬಟ್ಟೆ ಬದಲಿಸಲು ಕಳಿಸಿದೆ. ಆಮೇಲೆ ಹಸುವಿನ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದೆವು. ಕಂದು ರೋಗ ಇದೆ ಎಂದು ವರದಿ ಬಂತು.

ಪಶುವೈದ್ಯೆಗೆ ಈ ವಿಷಯ ಏಕೆ?

ಬಸುರಿ, ಬಾಣಂತಿಯರ ಆರೋಗ್ಯದ ಬಗ್ಗೆ ಹೇಳಲು ಡಾಕ್ಟರಮ್ಮ ಇದ್ದಾರೆ, ಆಶಾ ಕಾರ್ಯಕರ್ತೆ ಇದ್ದಾರೆ. ಆದರೆ ಅವರು ಮನೆಯೊಳಕ್ಕೆ ಬರುತ್ತಾರೆ, ಕೊಟ್ಟಿಗೆಗೆ ಬರುವುದಿಲ್ಲ. ನಾವು ಕೊಟ್ಟಿಗೆಗೆ ಬರುತ್ತೇವೆ, ಮನೆಯೊಳಗೆ ಯಾರಿದ್ದಾರೆಂದು ಕೇಳುವುದಿಲ್ಲ. ಹಸುವಿನಿಂದ ಬಸುರಿಗೆ ಬರುವ ಕಾಯಿಲೆಯ ವಿಷಯ ಹೀಗೆ ಇಬ್ಬರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಸಗಣಿ ಬಾಚುವುದು, ಹಾಲು ಕರೆಯುವುದು, ಕರು ಎಳೆಯುವುದು ನಮ್ಮ ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕೆಲಸವೇ ಆಗಿರುವುದರಿಂದ ಈ ಮಾತನ್ನು ನಾನೇ ಹೇಳಬೇಕು.

ಇನ್ನೂ ಒಂದು ಕಾರಣವಿದೆ. ನನ್ನ ಮೊದಲ ಬಸುರಿನಲ್ಲಿ, ಮೂರನೇ ತಿಂಗಳಿರಬೇಕು, ಇಂಥದ್ದೇ ಒಂದು ಹಸುವಿನ ಕಸ ತೆಗೆಯಲು ಹೋಗಿದ್ದೆ. ಮನೆಯವರಿಗೆ ಬಿಟ್ಟರೆ ಯಾರಿಗೂ ನಾನು ಬಸುರಿ ಎಂದು ಹೇಳಿರಲಿಲ್ಲ. ಕೆಲಸದ ನಡುವೆ ಗ್ಲೌಸ್ ಮೊಣಕೈ ಹತ್ತಿರ ಹರಿಯಿತು. ಬೇರೆ ಗ್ಲೌಸ್ ಇರಲಿಲ್ಲ, ಮುಗಿಸಿಯೇ ಬಂದೆ. ಆಮೇಲೆ ತಿಂಗಳುಗಟ್ಟಲೆ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಏನೂ ಆಗಲಿಲ್ಲ, ಮಗು ಚೆನ್ನಾಗಿದೆ. ಆದರೆ ಎಲ್ಲ ಗೊತ್ತಿದ್ದ ನಾನೇ ಹಾಗೆ ಮಾಡಿದೆನಲ್ಲ ಎಂಬುದು ಇವತ್ತಿಗೂ ಹೋಗಿಲ್ಲ.

ಕಂದು ರೋಗ ಬಸುರಿಗೆ ಹೇಗೆ ಬರುತ್ತದೆ?

ಕಂದು ರೋಗವನ್ನು ನಾವು ಬ್ರುಸೆಲ್ಲೋಸಿಸ್ ಎನ್ನುತ್ತೇವೆ. ಈ ರೋಗಾಣು ಗಬ್ಬದ ಹಸುವಿನ ಗರ್ಭಕೋಶದಲ್ಲಿ ಬೆಳೆದು, ಸಾಮಾನ್ಯವಾಗಿ ಐದನೇ ತಿಂಗಳ ನಂತರ ಕಂದು ಹಾಕಿಸುತ್ತದೆ. ಸತ್ತ ಕರು, ಕಸ ಮತ್ತು ಆಗ ಹರಿಯುವ ನೀರಿನಲ್ಲಿ ರೋಗಾಣು ಲೆಕ್ಕವಿಲ್ಲದಷ್ಟು ಇರುತ್ತದೆ. ಕಸವನ್ನು ಕೆಲವರು ಮಾಸು, ಸತ್ತೆ ಎಂದೂ ಕರೆಯುತ್ತೀರಿ.

ಕೈಯಲ್ಲಿ ಹುಲ್ಲು ಕೊಯ್ದ ಸಣ್ಣ ಗಾಯವಿದ್ದರೂ ಸಾಕು, ಅದು ಒಳಗೆ ಹೋಗುತ್ತದೆ. ಕಣ್ಣಿಗೆ ಸಿಡಿದರೂ, ಉಸಿರಿನಲ್ಲಿ ಸೇರಿದರೂ, ಹಸಿ ಹಾಲು ಕುಡಿದರೂ ಬರುತ್ತದೆ. ಮನುಷ್ಯರಿಗೆ ಬಂದರೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲು ಮತ್ತು ಸೊಂಟ ನೋವು, ಸುಸ್ತು. ಬಸುರಿಗೆ ಬಂದರೆ ಗರ್ಭಪಾತ ಆಗಬಹುದು, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಜ್ವರವು ಸೋಂಕು ತಗುಲಿದ ಕೆಲವು ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರ ಬರುವುದರಿಂದ ಹಸು ಕಂದು ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ.

ಒಂದು ಮೋಸವಿದೆ, ಗಮನಿಸಿ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ದಿನ ತುಂಬಿ ಒಳ್ಳೆಯ ಕರುವನ್ನೇ ಹಾಕಬಹುದು. ಹಸು ವಾಸಿಯಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅದರ ಕಸದಲ್ಲೂ ಹಾಲಿನಲ್ಲೂ ರೋಗಾಣು ಬರುತ್ತಲೇ ಇರಬಹುದು.

ಬಸುರಿ ಮಾಡಬಾರದ ಕೆಲಸಗಳು

• ಹಸು, ಎಮ್ಮೆ, ಮೇಕೆ, ಕುರಿ ಯಾವುದೇ ಈಯುವಾಗ ಹತ್ತಿರ ಹೋಗುವುದು, ಕರು ಎಳೆಯುವುದು, ಕರುವಿನ ಮೈ ಒರೆಸುವುದು ಬೇಡ.
• ಕಸ ಎತ್ತುವುದು, ಈದ ಜಾಗ ತೊಳೆಯುವುದು, ಅಲ್ಲಿನ ಹುಲ್ಲು ಬಾಚುವುದು ಬೇಡ.
• ಕಂದು ಹಾಕಿದ ಹಸುವಿನ ಹಾಲು ಕರೆಯುವುದು ಬೇಡ.
• ಕಂದು ರೋಗದ ಲಸಿಕೆ ಹಾಕುವಾಗ ಕರುವನ್ನು ಹಿಡಿದುಕೊಳ್ಳುವುದು ಬೇಡ. ಅದು ಜೀವಂತ ಲಸಿಕೆ, ಸೂಜಿ ತಪ್ಪಿ ಚುಚ್ಚಿದರೆ ಮನುಷ್ಯರಿಗೂ ರೋಗ ಬರಬಹುದು.
• ನೊರೆಹಾಲು ಬೇಡ. ಬಸುರಿಗೆ ಶಕ್ತಿ ಬರಲಿ ಎಂದು ಕರೆದ ಬೆಚ್ಚಗಿನ ಹಾಲನ್ನು ಹಾಗೆಯೇ ಕೊಡುವ ಮನೆಗಳಿವೆ. ಹಾಲು ಉಕ್ಕಿ ಬರುವಂತೆ ಕುದಿಸಿದರೆ ರೋಗಾಣು ಸಾಯುತ್ತದೆ, ಶಕ್ತಿ ಹೋಗುವುದಿಲ್ಲ.

ಈ ಕೆಲಸ ಮಾಡುವ ಉಳಿದವರೂ ಉದ್ದನೆಯ ಗ್ಲೌಸ್ ಹಾಕಿಕೊಳ್ಳಿ. ಗಾಯಕ್ಕೆ ಪಟ್ಟಿ ಕಟ್ಟಿ, ಮೂಗು ಬಾಯಿ ಮುಚ್ಚಿ. ಸತ್ತ ಕರು ಮತ್ತು ಕಸವನ್ನು ತಿಪ್ಪೆಗೆ ಎಸೆಯಬೇಡಿ, ನಾಯಿ ಎಳೆದಾಡುತ್ತವೆ. ಬಾವಿ, ಬೋರ್‌ವೆಲ್‌ಗಳಿಂದ ದೂರ, ನಾಯಿ ಕೆದಕಲಾಗದಷ್ಟು ಆಳದ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿ. ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ.

ಇದಕ್ಕೆ ಮೂಲದಲ್ಲೇ ತಡೆ ಇದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ಲಸಿಕೆ ಉಚಿತ. ಜೀವಮಾನದಲ್ಲಿ ಒಂದೇ ಸಲ. ನಿಮ್ಮ ಕಡಸು ಕರುವಿಗೆ ಆ ವಯಸ್ಸು ದಾಟಿಸಬೇಡಿ.

ಹಾಗಾದರೆ ಕೆಲಸ ಯಾರು ಮಾಡಬೇಕು?

ನೀವು ಕೇಳುವ ಪ್ರಶ್ನೆ ಇದೇ ಎಂದು ನನಗೆ ಗೊತ್ತು. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ "ಬಸುರಿ ಕೊಟ್ಟಿಗೆಗೆ ಹೋಗಬಾರದು" ಎಂದು ಹೇಳಿ ಹೊರಟುಬಿಡುವುದು ಸುಲಭ.

ಮೊದಲನೆಯದು, ಗಂಡ ಹಾಲು ಕರೆಯುವುದನ್ನು ಕಲಿಯಬೇಕು. ಹೆರಿಗೆಯ ಹಿಂದಿನ ದಿನ ಅಲ್ಲ. ಹಸು ಹೊಸ ಕೈಗೆ ತಕ್ಷಣ ಹಾಲು ಇಳಿಸುವುದಿಲ್ಲ. ಐದನೇ ತಿಂಗಳಿನಿಂದಲೇ ದಿನಕ್ಕೆ ಒಂದು ಹೊತ್ತು ಅವರು ಕರೆಯಲಿ. ಎಂಟನೇ ತಿಂಗಳ ಹೊತ್ತಿಗೆ ಎರಡೂ ಹೊತ್ತು ಅಭ್ಯಾಸವಾಗಿರುತ್ತದೆ, ಹಾಲೂ ಕಡಿಮೆಯಾಗುವುದಿಲ್ಲ.

ಎರಡನೆಯದು, ಎರಡು ದಿನಾಂಕಗಳನ್ನು ಒಟ್ಟಿಗೆ ನೋಡಿ. ಹಸುವಿಗೆ ಇಂಜೆಕ್ಷನ್ ಕೊಡಿಸಿದ ದಿನದಿಂದ ಸುಮಾರು 280 ದಿನಕ್ಕೆ ಈಯುತ್ತದೆ. ಹೆಣ್ಣಿಗೆ ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿದರೆ ಅದೂ 280 ದಿನವೇ. ಹಸುವಿನ ತಾರೀಖು ಮನೆಮಂದಿಗೆಲ್ಲ ಬಾಯಿಪಾಠ ಇರುತ್ತದೆ, ಸೊಸೆಯದು ಅವಳೊಬ್ಬಳಿಗೇ ಗೊತ್ತಿರುತ್ತದೆ. ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡೂ ಒಂದೇ ತಿಂಗಳಿಗೆ ಬಂದರೆ, ಹಸು ಈಯುವಾಗ ಬರುವವರು ಯಾರು ಎಂದು ಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ನಾಟಿಗೆ ಮುಯ್ಯಾಳು ಹೋಗುವ ನಮಗೆ ಇದು ಹೊಸದಲ್ಲ.

ಬಸುರಿಯ ಪಾಲಿನ ಹಾಲು

ಈಯುವ ಎರಡು ತಿಂಗಳ ಮುಂಚೆ ಹಸುವನ್ನು ಬತ್ತಿಸುತ್ತೇವೆ. ಖನಿಜ ಮಿಶ್ರಣ ಕೊಡುತ್ತೇವೆ, ಹಿಂಡಿ ಹೆಚ್ಚಿಸುತ್ತೇವೆ. ಅದೇ ಮನೆಯ ಬಸುರಿ ಹಾಲನ್ನೆಲ್ಲ ಕ್ಯಾನಿಗೆ ಸುರಿದು, ತಾನು ಕರಿ ಟೀ ಕುಡಿಯುವುದನ್ನು ಕಂಡಿದ್ದೇನೆ. ಹಾಲು ಒಕ್ಕೂಟದವಳಾಗಿಯೇ ಹೇಳುತ್ತೇನೆ, ದಿನಕ್ಕೆ ಅರ್ಧ ಲೀಟರ್ ಮನೆಯ ಬಸುರಿಗೆ ತೆಗೆದಿಟ್ಟು ಉಳಿದದ್ದನ್ನು ಡೈರಿಗೆ ಹಾಕಿ.

ನಾಲ್ಕನೇ ತಿಂಗಳಿನಿಂದ ಕಬ್ಬಿಣಾಂಶದ ಮಾತ್ರೆ ದಿನಕ್ಕೆ ಒಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಅದನ್ನು ಹಾಲು, ಟೀ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ಒಳ್ಳೆಯದು. ಕನಿಷ್ಠ ನಾಲ್ಕು ಸಲ ತಪಾಸಣೆ ಮಾಡಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ಮಾತೃಪೂರ್ಣ ಯೋಜನೆಯ ಊಟ ಅಂಗನವಾಡಿಯಲ್ಲಿ ಸಿಗುತ್ತದೆ, ನಾಚಿಕೆ ಬೇಡ, ಹೋಗಿ ಉಣ್ಣಿ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಬರುತ್ತದೆ. ಅರ್ಜಿಯನ್ನು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ಕೇಳಿ.

ಕರುವಿಗೆ ಗಿಣ್ಣು, ಮಗುವಿಗೆ?

ಈದ ಒಂದೆರಡು ಗಂಟೆಯೊಳಗೆ ಕರುವಿಗೆ ಗಿಣ್ಣು ಹಾಲು ಕುಡಿಸಿ ಎಂದು ಇದೇ ಪತ್ರಿಕೆಯಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಹಸುವಿನ ಗರ್ಭದಲ್ಲಿ ರೋಗ ತಡೆಯುವ ಶಕ್ತಿ ಕರುವಿಗೆ ದಾಟುವುದಿಲ್ಲ, ಅದಕ್ಕೆ ಗಿಣ್ಣೇ ಗತಿ. ನಮ್ಮ ಮಗುವಿಗೆ ಗರ್ಭದಲ್ಲೇ ಸ್ವಲ್ಪ ಶಕ್ತಿ ದಾಟಿರುತ್ತದೆ. ಹಾಗಂತ ತಾಯಿಯ ಮೊದಲ ಹಳದಿ ಹಾಲು ಬೇಡವೆಂದಲ್ಲ. ಮಗುವಿನ ಕರುಳನ್ನು ಕಾಯುವುದು ಅದೇ.

ಕರುವಿಗೆ ತಪ್ಪದೆ ಗಿಣ್ಣು ಕುಡಿಸುವ ಮನೆಯಲ್ಲೇ, ತಾಯಿಯ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಜೇನುತುಪ್ಪ, ಸಕ್ಕರೆ ನೀರು ಹಾಕುವುದುಂಟು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ. ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ, ಹಸುವಿನ ಹಾಲೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಅಪಾಯ.

ಬಾಣಂತಿಗೆ ನೀರು, ನಿದ್ದೆ, ಮಾತು

ಹಾಲು ಕೊಡುವ ಹಸುವಿನ ಮುಂದೆ ಸದಾ ನೀರಿಡಿ ಎನ್ನುತ್ತೇವೆ. ಬಾಣಂತಿಗೆ ಮಾತ್ರ ನೀರು ಅಳೆದು ಕೊಡುವುದು ಏಕೆ? ಬಾಯಾರಿದಾಗಲೆಲ್ಲ ಕುಡಿಯಲಿ, ಸೊಪ್ಪು, ಬೇಳೆ, ಮೊಟ್ಟೆ ತಿನ್ನಲಿ. ಆಶಾ ಕಾರ್ಯಕರ್ತೆ 42 ದಿನದವರೆಗೆ ಹಲವು ಸಲ ಮನೆಗೆ ಬರುತ್ತಾರೆ, ಆಗ ಎಲ್ಲವನ್ನೂ ಹೇಳಿ.

ಹೆರಿಗೆಗೆ ಮುಂಚೆ ಅಥವಾ ನಂತರ ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಫಿಟ್ಸ್, ರಕ್ತಸ್ರಾವ, ಜ್ವರ, ಹೊಟ್ಟೆಯಲ್ಲಿ ಮಗುವಿನ ಅಲುಗಾಟ ಕಡಿಮೆಯಾಗುವುದು, ಹುಟ್ಟಿದ ಮಗು ಹಾಲು ಚೀಪದಿರುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಬಾಣಂತಿ ಸುಮ್ಮಸುಮ್ಮನೆ ಅಳುತ್ತಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದಿದ್ದರೆ, ಎರಡು ವಾರ ಕಳೆದರೂ ಹಾಗೇ ಇದ್ದರೆ ಅದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದೊಂದು ಕಾಯಿಲೆ, ಅದಕ್ಕೆ ಔಷಧವಿದೆ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ತನಗೇ ಅಥವಾ ಮಗುವಿಗೇ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬಳನ್ನೇ ಬಿಡಬೇಡಿ.

ಡಾಕ್ಟರಿಗೆ ಈ ಒಂದು ಮಾತು ಹೇಳಿ

ಆ ಸೊಸೆ ಮಾರನೆಯ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, "ನಮ್ಮ ಹಸು ಕಂದು ಹಾಕಿತ್ತು, ನಾನು ಬರಿಗೈಲಿ ಮುಟ್ಟಿದ್ದೆ" ಎಂದು ಹೇಳಿದಳು. ಆ ಮಾತಿನಿಂದಾಗಿ ಡಾಕ್ಟರು ಅವಳ ಮೇಲೆ ಕಣ್ಣಿಟ್ಟರು, ರಕ್ತವನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಸೋಂಕು ತಗುಲಿರಲಿಲ್ಲ. ಹೆಣ್ಣು ಮಗು ಹುಟ್ಟಿತು, ಈಗ ಬೋರಲು ಬೀಳುತ್ತಿದೆ. ಅವಳ ಗಂಡ ಎರಡೂ ಹೊತ್ತು ಹಾಲು ಕರೆಯುತ್ತಾನೆ.

ಬಸುರಿಗೆ ಜ್ವರ ಬಂದು ಆಸ್ಪತ್ರೆಗೆ ಹೋದರೆ ಕೊಟ್ಟಿಗೆಯ ಸುದ್ದಿಯನ್ನೂ ಹೇಳಿ. ಹೇಳದಿದ್ದರೆ ಡಾಕ್ಟರಿಗೆ ಕಂದು ರೋಗದ ನೆನಪು ಬರುವುದು ಕಷ್ಟ. ಈ ರೋಗಕ್ಕೆ ವಾರಗಟ್ಟಲೆ ಔಷಧ ತೆಗೆದುಕೊಳ್ಳಬೇಕು, ಬಸುರಿಗೆ ಕೊಡುವ ಔಷಧವೂ ಬೇರೆ. ಅಂಗಡಿಯ ಮಾತ್ರೆ ನುಂಗಬೇಡಿ.

ಹಸು ಕಂದು ಹಾಕಿತೆಂದು ನೀವು ಫೋನ್ ಮಾಡಿದಾಗ ಇನ್ನು ಮೇಲೆ ನಾನು ಮೊದಲು ಕೇಳುವುದು ಹಸುವಿನ ವಿಷಯವನ್ನಲ್ಲ. "ಮನೆಯಲ್ಲಿ ಬಸುರಿ ಇದ್ದಾರಾ?" ಎಂದು ಕೇಳುತ್ತೇನೆ. ಇದ್ದರೆ, ನಾನು ಬರುವಷ್ಟರಲ್ಲಿ ಅವರನ್ನು ಕೊಟ್ಟಿಗೆಯಿಂದ ಹೊರಗೆ ಕಳಿಸಿರಿ.