ಜಾಲ್ಸೂರು ದಾಟಲು ಲಾರಿಗೆ ಏನೆಲ್ಲ ಬೇಕು?

ಬೆಳ್ಳಾರೆಯಿಂದ ಬೀದರಿಗೆ ಹೋಗಬೇಕಾದರೆ ಹೆಚ್ಚುಕಡಿಮೆ ಇಡೀ ಕರ್ನಾಟಕವನ್ನೇ ದಾಟಬೇಕು. ಕೇರಳಕ್ಕೆ ಹೋಗಬೇಕಾದರೆ ಜಾಲ್ಸೂರಿಗೆ ಬಂದು ಕಾಸರಗೋಡು ರಸ್ತೆ ಹಿಡಿದರೆ ಸಾಕು, ಗಡಿ ಅಲ್ಲೇ. ಆದರೆ ಲೋಡ್ ಹಾಕಿದ ಲಾರಿಗೆ ಬೀದರ್ ಹತ್ತಿರ, ಜಾಲ್ಸೂರಿನ ಆಚೆ ದೂರ. ಇದು ನಮಗೆ ಗೊತ್ತಾಗಿದ್ದು ಒಂದು ಲಾರಿ ಅಂಗಳದಲ್ಲಿ ಸುಮ್ಮನೆ ನಿಂತಾಗ.

ನಮ್ಮ ತಂಡದ ಒಬ್ಬನ ಊರು ಬೆಳ್ಳಾರೆ. ಅವನ ಮಾವ ತುಂಬ ವರ್ಷ ಪಿಕಪ್ ಓಡಿಸಿದವರು. ಅದರಲ್ಲಿ ಕಾಸರಗೋಡಿಗೂ ಹೋಗಿ ಬರುತ್ತಿದ್ದರು, ಯಾರೂ ಪರ್ಮಿಟ್ ಕೇಳಿರಲಿಲ್ಲ. ಕಳೆದ ವರ್ಷ ಸಾಲ ಮಾಡಿ ಆರು ಚಕ್ರದ ಲಾರಿ ತಗೊಂಡರು. ಮೊದಲ ಬಾಡಿಗೆ ಗಡಿಯಾಚೆಗೇ ಸಿಕ್ಕಿತು, ರಬ್ಬರ್ ಶೀಟ್ ಲೋಡ್. ಆಗ ಯಾರೋ "ಎನ್.ಪಿ. ಉಂಟಾ?" ಅಂತ ಕೇಳಿದರು. ಇರಲಿಲ್ಲ. ಬಾಡಿಗೆ ಕೈತಪ್ಪಿತು. ಕಾಗದ ಪತ್ರ ಸರಿಯಾಗುವಷ್ಟರಲ್ಲಿ ಮೂರು ವಾರ, ಒಂದು ಇಎಂಐ ಹೋಗಿತ್ತು. ಲಾರಿ ನಿಂತರೂ ಬಡ್ಡಿ ನಿಲ್ಲಲ್ಲ ಅಲ್ವಾ?

ಪಿಕಪ್‌ಗೆ ಬೇಡವಾದದ್ದು ಲಾರಿಗೆ ಯಾಕೆ ಬೇಕು? 1988ರ ಮೋಟಾರು ವಾಹನ ಕಾಯಿದೆಯ 66ನೇ ಕಲಮಿನ ಪ್ರಕಾರ ಸರಕು ವಾಹನಕ್ಕೆ ಪರ್ಮಿಟ್ ಇರಲೇಬೇಕು. ಆದರೆ ಒಟ್ಟು ತೂಕ (ಅಂದರೆ ಗಾಡಿ ಮತ್ತು ಲೋಡ್ ಸೇರಿ) 3,000 ಕೆ.ಜಿ. ಮೀರದಿದ್ದರೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ಮಾವನ ಪಿಕಪ್ ಆ ವಿನಾಯಿತಿಯಲ್ಲಿ ಓಡುತ್ತಿತ್ತು. ಇಷ್ಟು ವರ್ಷದ ಅನುಭವವೇ ಅವರನ್ನು ದಾರಿ ತಪ್ಪಿಸಿತು ಅನ್ನಬಹುದು.

ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ? ನಾವು ಕೇಳಿ, ಓದಿ ತಿಳಿದುಕೊಂಡದ್ದನ್ನು ಕ್ರಮವಾಗಿ ಹೇಳ್ತೀವಿ.

ಮೊದಲು ಮನುಷ್ಯ

ಲಾರಿಯ ಮಾಲಕರಾಗಲು ಡ್ರೈವಿಂಗ್ ಲೈಸೆನ್ಸ್ ಬೇಕಿಲ್ಲ, ಓಡಿಸಲು ಬೇಕು. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಅಂದರೆ 19ರ ನಾವು ಲಾರಿ ಕೊಳ್ಳಬಹುದು, ಸ್ಟಿಯರಿಂಗ್ ಹಿಡಿಯೋ ಹಾಗಿಲ್ಲ! ಭಾರಿ ವಾಹನದ ಎಲ್‌ಎಲ್‌ಆರ್ ಸಿಗಬೇಕಾದರೆ ಲಘು ವಾಹನದ ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷ ಆಗಿರಬೇಕು. ಜೊತೆಗೆ ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ.

ಆಮೇಲೆ ಗಾಡಿ

ಬೆಳ್ಳಾರೆಯವರಿಗೆ ಆರ್‌ಟಿಒ ಪುತ್ತೂರು, ನಂಬರ್ ಕೆಎ-21. ವ್ಯಾಪಾರದ ಗಾಡಿಯಾದ್ದರಿಂದ ಹಳದಿ ಬೋರ್ಡ್, ಕಪ್ಪು ಅಕ್ಷರ. ರಸ್ತೆ ತೆರಿಗೆ, ಇನ್ಶೂರೆನ್ಸ್, ಹೊಗೆ ತಪಾಸಣೆ, ಫಾಸ್ಟ್ಯಾಗ್ ಎಲ್ಲ ಇರಬೇಕು. ಫಿಟ್‌ನೆಸ್ ಸರ್ಟಿಫಿಕೇಟನ್ನು ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಇವುಗಳಲ್ಲಿ ಒಂದರ ಅವಧಿ ಮುಗಿದಿದ್ದರೂ ಮುಂದಿನ ಅರ್ಜಿ ಅಲ್ಲೇ ನಿಲ್ಲುತ್ತೆ.

ಈಗ ಗಡಿ

ನ್ಯಾಷನಲ್ ಪರ್ಮಿಟ್ ಅಂದರೆ ಒಂದೇ ಕಾಗದ ಅಂತ ನಾವು ಅಂದುಕೊಂಡಿದ್ದೆವು. ನಿಜವಾಗಿ ಎರಡು. ಒಂದು, ನಮ್ಮ ರಾಜ್ಯ ಕೊಡುವ ಪರ್ಮಿಟ್, 5 ವರ್ಷಕ್ಕೆ. ಇನ್ನೊಂದು, ಬೇರೆ ರಾಜ್ಯಗಳಲ್ಲಿ ಓಡಿಸಲು ಅನುಮತಿ, ಅಂದರೆ ಆಥರೈಸೇಶನ್. ಇದು ಒಂದೇ ವರ್ಷದ್ದು. ಪರ್ಮಿಟ್ ಇನ್ನೂ ಇದೆ ಅಂತ ಆಥರೈಸೇಶನ್ ಮರೆತರೆ ಗಡಿಯಲ್ಲಿ ಸಿಕ್ಕಿಬೀಳೋದು ಗ್ಯಾರಂಟಿ.

2010ಕ್ಕಿಂತ ಮೊದಲು ಯಾವ ಯಾವ ರಾಜ್ಯಕ್ಕೆ ಹೋಗಬೇಕೋ ಅಷ್ಟಕ್ಕೂ ಬೇರೆ ಬೇರೆ ಡಿ.ಡಿ. ತೆಗೆಯಬೇಕಿತ್ತು. ಈಗ ಒಂದು ಲಾರಿಗೆ ವರ್ಷಕ್ಕೆ 16,500 ರೂ. ಒಟ್ಟು ಶುಲ್ಕ, ಜೊತೆಗೆ 1,000 ರೂ. ಆಥರೈಸೇಶನ್ ಶುಲ್ಕ. 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 48 ರೂ. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದರೆ 192ಎ ಕಲಮಿನಡಿ ಮೊದಲ ಸಲವೇ 10,000 ರೂ. ದಂಡ, 6 ತಿಂಗಳವರೆಗೆ ಜೈಲೂ ಆಗಬಹುದು. ಅಪರೂಪಕ್ಕೊಮ್ಮೆ ಮಾತ್ರ ಗಡಿ ದಾಟುವವರಿಗೆ ತಾತ್ಕಾಲಿಕ ಪರ್ಮಿಟ್ ಕೂಡ ಇದೆ.

ಸೆಕೆಂಡ್ ಹ್ಯಾಂಡ್ ಲಾರಿ ನೋಡುವವರು ಇದನ್ನು ಗಮನಿಸಿ: ಎರಡೇ ಆಕ್ಸಲ್ ಇರುವ ಲಾರಿಗೆ 12 ವರ್ಷ, ಮಲ್ಟಿ ಆಕ್ಸಲ್ ಗಾಡಿಗೆ 15 ವರ್ಷ ದಾಟಿದರೆ ನ್ಯಾಷನಲ್ ಪರ್ಮಿಟ್ ಸಿಗಲ್ಲ. ಕಡಿಮೆ ರೇಟಿಗೆ ಸಿಕ್ಕಿತು ಅಂತ ಖುಷಿಪಡುವ ಮೊದಲು ಆರ್‌ಸಿಯಲ್ಲಿ ವರ್ಷ ನೋಡಿ. ಇನ್ನೊಂದು ವಿಷಯ, ಎನ್.ಪಿ. ಇದೆ ಅಂತ ಕೇರಳದ ಒಂದು ಊರಿನಲ್ಲಿ ಲೋಡ್ ಮಾಡಿ ಕೇರಳದ್ದೇ ಇನ್ನೊಂದು ಊರಿನಲ್ಲಿ ಇಳಿಸೋ ಹಾಗಿಲ್ಲ.

ಕೊನೆಗೆ ಸರಕು

ಲಾರಿಯ ಕಾಗದ ಸರಿ ಇದ್ದರೂ ಸರಕಿನದ್ದು ಬೇರೆ. 50,000 ರೂ. ಮೀರಿದ ಸರಕಿಗೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬೇಕು. ಈಗಿನ ಅಡಿಕೆ ರೇಟಿಗೆ ಎರಡು ಕ್ವಿಂಟಾಲ್ ಹಾಕಿದರೂ ಆ ಗೆರೆ ದಾಟುತ್ತೆ. ಮಾಮೂಲಿ ಲೋಡ್ ಆದರೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅದರ ಅವಧಿ, 1,000 ಕಿ.ಮೀ. ದಾರಿಗೆ 5 ದಿನ. ದಾರಿಯಲ್ಲಿ ಲಾರಿ ಕೆಟ್ಟು ಬೇರೆ ಲಾರಿಗೆ ಹಾಕಿದರೆ ಬಿಲ್ಲಿನಲ್ಲೂ ಗಾಡಿ ನಂಬರ್ ಬದಲಿಸಬೇಕು. ಜಿಎಸ್‌ಟಿ ನಂಬರ್ ಇಲ್ಲದ ಸಾಗಣೆದಾರರು ಇ-ವೇ ಬಿಲ್ ಪೋರ್ಟಲ್‌ನಲ್ಲೇ ಟ್ರಾನ್ಸ್‌ಪೋರ್ಟರ್ ಐಡಿ ಮಾಡಿಕೊಳ್ಳಬಹುದು.

ಒಂದೇ ಲಾರಿ ಬಿಟ್ಟು ಮುಂದೆ ಸ್ವಂತ ಆಫೀಸು ತೆರೆದು, ಎಲ್ಲರಿಂದಲೂ ಸರಕು ಬುಕ್ ಮಾಡಿ, ಗೂಡ್ಸ್ ರಸೀದಿ ಕೊಟ್ಟು ಸಾಗಿಸೋದಾದರೆ 2007ರ ರಸ್ತೆ ಸಾಗಣೆ ಕಾಯಿದೆಯಡಿ 'ಕಾಮನ್ ಕ್ಯಾರಿಯರ್' ಅಂತ ನೋಂದಣಿ ಆಗಬೇಕು. ಅದು 10 ವರ್ಷಕ್ಕೆ. ಜಿಎಸ್‌ಟಿ ಲೆಕ್ಕದಲ್ಲೂ ಆ ರಸೀದಿ ಕೊಡುವವರನ್ನೇ ಸಾಗಣೆ ಏಜೆನ್ಸಿ ಅನ್ನೋದು.

ಇವುಗಳಲ್ಲಿ ತುಂಬಾ ಕೆಲಸ ಪರಿವಾಹನ್ ಪೋರ್ಟಲ್‌ನಲ್ಲೇ ಶುರು ಮಾಡಬಹುದು. ಕಷ್ಟ ಇರೋದು ಪೋರ್ಟಲ್ ಇಂಗ್ಲಿಷಿನಲ್ಲಿ ಮಾತಾಡೋದರಲ್ಲಿ. ಮಾವ ಮೂವತ್ತು ವರ್ಷದಿಂದ ಸ್ಟಿಯರಿಂಗ್ ಹಿಡಿದವರು, ಆದರೆ 'ಆಥರೈಸೇಶನ್' ಅನ್ನೋ ಬಟನ್ ಯಾಕಿದೆ ಅಂತ ಅವರಿಗೆ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ. ಕೊನೆಗೆ ಅವನೇ ರಜೆಯಲ್ಲಿ ಪಕ್ಕದಲ್ಲಿ ಕೂತು ಅರ್ಜಿ ತುಂಬಿದ. ನಮ್ಮಲ್ಲಿ ತುಂಬಾ ಜನರ ಮನೆಯಲ್ಲಿ, ನೆರೆಮನೆಯಲ್ಲಿ ಇಂಥ ಒಬ್ಬರು ಇರ್ತಾರೆ. ಲಾರಿ ಬುಕ್ ಮಾಡುವ ಮೊದಲೇ ಅವರ ಜೊತೆ ಒಂದು ಗಂಟೆ ಕೂತರೆ ಮೂರು ವಾರ ಉಳಿಯುತ್ತೆ.

ಅಂದಹಾಗೆ, ಆ ಲಾರಿ ಈಗ ವಾರಕ್ಕೆರಡು ಸಲ ಜಾಲ್ಸೂರು ದಾಟುತ್ತೆ.