ಐರ್ಲೆಂಡಿನ ಹಳೇ ರೈತಮನೆಗಳಿಗೆ ಸ್ವಂತ ಡ್ರೈವಿಂಗ್‌ನಲ್ಲಿ

ಐರ್ಲೆಂಡಿಗೆ ಹೊರಡುವವರು ಸಾಮಾನ್ಯವಾಗಿ ನೋಡಬೇಕಾದ ಜಾಗಗಳ ಪಟ್ಟಿಯನ್ನು ಮೊದಲು ಬರೆದುಕೊಂಡು, ಆಮೇಲೆ ಹತ್ತಿರದಲ್ಲಿ ಹೋಟೆಲ್ ಹುಡುಕುತ್ತಾರೆ. ಹಳೇ ರೈತಮನೆಗಳಲ್ಲಿ ತಂಗುತ್ತಾ ಕಾರಿನಲ್ಲಿ ಸುತ್ತುವ ಆಸೆಯಿದ್ದರೆ ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಇಂಥ ಮನೆಗಳಲ್ಲಿ ಅತಿಥಿಗಳಿಗೆಂದು ಇರುವುದು ನಾಲ್ಕೋ ಐದೋ ಕೋಣೆ. ಎಷ್ಟೋ ಮನೆಗಳು ಬಸ್ಸೇ ಹೋಗದ ದಾರಿಯ ಕೊನೆಯಲ್ಲಿವೆ, ಚಳಿಗಾಲದಲ್ಲಿ ಬಾಗಿಲು ತೆರೆಯುವುದೂ ಇಲ್ಲ. ಆದ್ದರಿಂದ ಮೊದಲು ಮನೆ ಗೊತ್ತುಮಾಡಿ, ಆಮೇಲೆ ಅದರ ಸುತ್ತ ದಾರಿ ಹಾಕಿಕೊಳ್ಳಿ.

ಬುಕಿಂಗ್‌ಗೆ ಎರಡು ದಾರಿಗಳಿವೆ. ಒಂದು, ಕಾರು ಮತ್ತು ಮನೆಗಳನ್ನು ಸೇರಿಸಿ ಕೊಡುವ ಪ್ಯಾಕೇಜ್. ಅದರಲ್ಲೂ ಎರಡು ಬಗೆ: ಪ್ರತಿ ರಾತ್ರಿಯ ಮನೆ ಮೊದಲೇ ನಿಗದಿಯಾಗಿರುವುದು, ಇಲ್ಲವೇ ಕೈಗೆ ವೋಚರ್‌ಗಳನ್ನು ಕೊಟ್ಟು, ಮುಂದಿನ ಮನೆಗೆ ನೀವೇ ಫೋನ್ ಮಾಡಿಕೊಳ್ಳಿ ಎನ್ನುವುದು. ವೋಚರ್ ಕೇಳಲು ಚೆನ್ನ, ಆದರೆ ಜುಲೈ–ಆಗಸ್ಟ್‌ನಲ್ಲಿ ಒಳ್ಳೆಯ ಮನೆಗಳೆಲ್ಲ ಭರ್ತಿಯಾಗಿ ಸಂಜೆಯೆಲ್ಲ ಫೋನಿನಲ್ಲೇ ಕಳೆಯಬೇಕಾಗಬಹುದು. ಎರಡನೆಯದು, ಮನೆಯವರ ಜೊತೆ ನೇರವಾಗಿ ಮಾತಾಡಿ ನೀವೇ ಜೋಡಿಸಿಕೊಳ್ಳುವುದು. ನನ್ನ ಆಯ್ಕೆ ಇದೇ. ನಿಮ್ಮ ಊಟದ ರೀತಿ, ಮೆಟ್ಟಿಲು ಹತ್ತಲಾಗದ ಅಮ್ಮ, ರಾತ್ರಿ ತಡವಾಗುವ ವಿಮಾನ, ಇವೆಲ್ಲ ಮನೆಯಾಕೆಗೆ ಮುಂಚೆಯೇ ಗೊತ್ತಿದ್ದರೆ ಅರ್ಧ ತಲೆನೋವು ಕಳೆದಂತೆ.

ಈ ಮನೆಗಳು ರೈತರ ಕೈಯಲ್ಲೇ ಉಳಿದಿರುವುದಕ್ಕೆ ಒಂದು ಚರಿತ್ರೆಯಿದೆ. 19ನೇ ಶತಮಾನದ ಐರ್ಲೆಂಡಿನಲ್ಲಿ ಹೆಚ್ಚಿನ ರೈತರು ಗೇಣಿದಾರರು. ಜಮೀನು, ಮನೆ ಎರಡೂ ಜಮೀನ್ದಾರನವು. ಭೂ ಹೋರಾಟದ ಒತ್ತಡದಿಂದ 1881ರಿಂದ ಸಾಲುಸಾಲು ಕಾಯ್ದೆಗಳು ಬಂದವು. ಅವುಗಳಲ್ಲಿ 1903ರ ವಿಂಡಮ್ ಕಾಯ್ದೆ ದೊಡ್ಡದು. ಸರ್ಕಾರವೇ ಜಮೀನ್ದಾರನಿಗೆ ದುಡ್ಡು ಕೊಟ್ಟಿತು, ರೈತ ಅದನ್ನು 68 ವರ್ಷಕ್ಕೂ ಮಿಕ್ಕಿದ ಅವಧಿಯ ಕಂತುಗಳಲ್ಲಿ ತೀರಿಸಬೇಕಿತ್ತು. ಗೇಣಿದಾರ ಹೀಗೆ ಒಡೆಯನಾದ. ತಿಂಡಿಯ ಮೇಜಿನಲ್ಲಿ ಮನೆಯ ಯಜಮಾನ ಅಜ್ಜನ ಕಾಲದ ಮಾತೆತ್ತಿದರೆ ಈ ವಿಷಯ ಬಂದೇ ಬರುತ್ತದೆ. ಸ್ವಲ್ಪ ತಿಳಿದುಕೊಂಡು ಹೋದರೆ ಮಾತು ರಂಗೇರುತ್ತದೆ.

ಮನೆಗಳಲ್ಲೂ ತರಾವರಿ. ಸುಣ್ಣ ಬಳಿದ ಕಲ್ಲುಗೋಡೆ, ಹುಲ್ಲಿನ ಮಾಡು, ಒಂದೇ ಸಾಲಿನ ಮೂರು ಕೋಣೆ ಇರುವವು ಹಳೆಯ ಸಣ್ಣ ಮನೆಗಳು. ಅನುಕೂಲಸ್ಥ ರೈತರ ಮನೆಗೆ ಎರಡು ಅಂತಸ್ತು, ಸ್ಲೇಟ್ ಮಾಡು, ನಡುವೆ ಬಾಗಿಲು, ಎರಡೂ ಕಡೆ ಅಳತೆಗೆ ತಕ್ಕ ಎತ್ತರದ ಕಿಟಕಿಗಳು. ಇನ್ನೂ ದೊಡ್ಡವಕ್ಕೆ ಉದಾಹರಣೆ ಪೂರ್ವ ಕಾರ್ಕ್‌ನ ಬ್ಯಾಲಿಮಲೂ ಹೌಸ್. ಹಳೇ ಕೋಟೆಯ ಗೋಪುರವೊಂದು ಆ ಮನೆಗೇ ಅಂಟಿಕೊಂಡಿದೆ. ಅದರ ಒಡತಿ ಮರ್ಟಲ್ ಆ್ಯಲೆನ್ 1964ರಲ್ಲಿ ತಮ್ಮ ಊಟದ ಕೋಣೆಯನ್ನೇ ರೆಸ್ಟೋರೆಂಟ್ ಮಾಡಿ, ತಮ್ಮ ಹೊಲ ಮತ್ತು ನೆರೆಹೊರೆಯಲ್ಲಿ ಬೆಳೆದದ್ದನ್ನೇ ಬಡಿಸಿದರು. ಇಂದು ಐರಿಷ್ ಅಡುಗೆಯ ಬಗ್ಗೆ ಮಾತಾಡುವವರು ಆ ಹೆಸರನ್ನು ಬಿಟ್ಟು ಮಾತಾಡುವುದಿಲ್ಲ. ಯಜಮಾನರ ಸಹವಾಸ ಬೇಡ, ನಾವೇ ಅಡುಗೆ ಮಾಡಿಕೊಳ್ಳುತ್ತೇವೆ ಎನ್ನುವವರಿಗೆ 1992ರಲ್ಲಿ ಶುರುವಾದ ಐರಿಷ್ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಇದೆ. ಅದು ಹಳೇ ಕಟ್ಟಡಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುತ್ತದೆ.

ಒಳಗೆ ಹೋದ ಮೇಲೆ ದೂರಬೇಡಿ. ಕಿಟಕಿಯ ಹಲಗೆಯ ಮೇಲೆ ಆರಾಮಾಗಿ ಕೂರಬಹುದು, ಗೋಡೆ ಅಷ್ಟು ದಪ್ಪ. ಆದರೆ ಕಿಟಕಿಯ ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಮೆಟ್ಟಿಲು ಕಿರಿದು, ದೊಡ್ಡ ಸೂಟ್‌ಕೇಸನ್ನು ಓರೆಯಾಗಿ ಹಿಡಿದು ಹತ್ತಬೇಕು. ಲಿಫ್ಟ್ ಇರುವುದಿಲ್ಲ. ಇಂಥ ಹಲವು ಮನೆಗಳು ಕಾನೂನಿನ ಪ್ರಕಾರ ಸಂರಕ್ಷಿತ ಕಟ್ಟಡಗಳು. ಅವುಗಳ ಸ್ವರೂಪಕ್ಕೆ ಧಕ್ಕೆ ತರುವ ಬದಲಾವಣೆಗೆ ಸ್ಥಳೀಯ ಆಡಳಿತದ ಅನುಮತಿ ಬೇಕು, ಮನೆಯವರು ಮನಸ್ಸು ಬಂದಂತೆ ಕಿಟಕಿ ಕಿತ್ತುಹಾಕುವಂತಿಲ್ಲ. ಸ್ನಾನದ ಕೋಣೆ ಒಳಗೇ ಇದೆಯೋ ಪಡಸಾಲೆಯ ಆಚೆಗಿದೆಯೋ ಎಂದು ಬುಕಿಂಗ್ ಮಾಡುವಾಗಲೇ ಕೇಳಿ. ಸಂಜೆ ಒಲೆಯಲ್ಲಿ ಟರ್ಫ್, ಅಂದರೆ ಜೌಗುನೆಲದಿಂದ ಕಡಿದು ಒಣಗಿಸಿದ ಮಣ್ಣಿನ ತುಂಡು, ಉರಿಯುತ್ತಿದ್ದರೆ ಅದರ ಹೊಗೆಯ ವಾಸನೆ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಅದು ನನಗೆ ಇಷ್ಟ.

ಕಾಗದಪತ್ರದ ವಿಷಯಕ್ಕೆ ಬರೋಣ. ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯುವುದಿಲ್ಲ, ಅದಕ್ಕೆ ಬೇರೆ ವೀಸಾ ಬೇಕು. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ಗಡಿಯಲ್ಲಿ ಯಾರೂ ಕಾರು ನಿಲ್ಲಿಸುವುದಿಲ್ಲ ಎಂದು ಅನುಮತಿಯಿಲ್ಲದೆ ದಾಟಿಬಿಡಬೇಡಿ. ಭಾರತೀಯರಿಗೆ ಬ್ರಿಟಿಷ್–ಐರಿಷ್ ವೀಸಾ ಯೋಜನೆಯಿದೆ. ವೀಸಾದ ಮೇಲೆ ಆ ಗುರುತಿದ್ದರೆ ಒಂದರಲ್ಲೇ ಎರಡೂ ಕಡೆ ಓಡಾಡಬಹುದು, ಆದರೆ ವೀಸಾ ಕೊಟ್ಟ ದೇಶಕ್ಕೆ ಮೊದಲು ಹೋಗಬೇಕು. ಪ್ರವಾಸಿಗರು ಸ್ವದೇಶದ ಡಿಎಲ್‌ನಲ್ಲಿ ಕಾರು ಓಡಿಸಬಹುದು. ಬಾಡಿಗೆ ಕಂಪನಿಗಳು ಇಂಟರ್‌ನ್ಯಾಷನಲ್ ಪರ್ಮಿಟ್ಟನ್ನೂ ಕೇಳುವುದುಂಟು. ನಿಮ್ಮ ಆರ್‌ಟಿಒದಲ್ಲಿ ಒಂದು ವರ್ಷದ ಪರ್ಮಿಟ್ ಸಿಗುತ್ತದೆ, ಮಾಡಿಸಿಟ್ಟುಕೊಳ್ಳಿ.

ಕಾರಿನ ಕೌಂಟರ್‌ನಲ್ಲಿ ಜನ ಬೆಚ್ಚಿಬೀಳುವುದು ವಿಮೆಯ ವಿಷಯಕ್ಕೆ. ಬಾಡಿಗೆಯಲ್ಲಿ ಸೇರಿರುವ ಮೂಲ ವಿಮೆಯಿದ್ದರೂ ಹಾನಿಯ ಮೊದಲ ದೊಡ್ಡ ಪಾಲು ನಿಮ್ಮದೇ. ಆ ಮೊತ್ತವನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ; ಡೆಬಿಟ್ ಕಾರ್ಡ್ ಅನೇಕ ಕಡೆ ನಡೆಯುವುದಿಲ್ಲ. ಟೈರು, ಗಾಜು, ಕಾರಿನ ತಳಭಾಗ ಮೂಲ ವಿಮೆಯಿಂದ ಹೊರಗಿರುವುದೇ ಹೆಚ್ಚು, ಹಳ್ಳಿ ರಸ್ತೆಯಲ್ಲಿ ಪೆಟ್ಟು ತಿನ್ನುವುದೂ ಇವೇ. ಹಾಗಾಗಿ ಹೆಚ್ಚುವರಿ ವಿಮೆ ತೆಗೆದುಕೊಳ್ಳುವುದು ಜಾಣತನ. ಗೇರ್ ಕಾರು ಅಲ್ಲಿ ಸಾಮಾನ್ಯ, ಆಟೊಮ್ಯಾಟಿಕ್ ದುಬಾರಿ. ಕಾರು ಚಿಕ್ಕದಾದಷ್ಟೂ ಒಳ್ಳೆಯದು.

ಎಡಬದಿಯ ಸಂಚಾರ, ಬಲಗಡೆ ಸ್ಟೀರಿಂಗ್. ಅಮೆರಿಕದವರು ಬೆವರುವಲ್ಲಿ ನಮಗೆ ಇಷ್ಟಾದರೂ ಲಾಭವಿದೆ. ಮೋಟರ್‌ವೇಯಲ್ಲಿ ವೇಗಮಿತಿ ಗಂಟೆಗೆ 120 ಕಿ.ಮೀ., ರಾಷ್ಟ್ರೀಯ ರಸ್ತೆಯಲ್ಲಿ ಸಾಮಾನ್ಯವಾಗಿ 100. ರೈತಮನೆಗೆ ಒಯ್ಯುವ ಹಳ್ಳಿ ರಸ್ತೆಗಳಲ್ಲಿ ಅದನ್ನು 2025ರ ಫೆಬ್ರುವರಿಯಲ್ಲಿ 80ರಿಂದ 60ಕ್ಕೆ ಇಳಿಸಿದರು. ಉತ್ತರ ಐರ್ಲೆಂಡಿನಲ್ಲಿ ಫಲಕಗಳು ಮೈಲಿಯಲ್ಲಿರುತ್ತವೆ. ಇನ್ನು ಕೊನೆಯ ಎರಡು ಕಿಲೋಮೀಟರ್: ನಡುವೆ ಹುಲ್ಲು ಬೆಳೆದ, ಒಂದೇ ಕಾರಿನಗಲದ ದಾರಿ, ಎರಡೂ ಬದಿಗೆ ಕನ್ನಡಿ ಸವರುವ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ, ಪಕ್ಕದ ಅಗಲ ಜಾಗ ಯಾರಿಗೆ ಹತ್ತಿರವೋ ಅವರು ಹಿಂದಕ್ಕೆ ಸರಿಯುತ್ತಾರೆ. ರಿವರ್ಸ್ ತೆಗೆಯಲು ಅಳುಕುವವರು ಹೊರಡುವ ಮುಂಚೆ ಊರಲ್ಲೇ ಅಭ್ಯಾಸ ಮಾಡಿಕೊಳ್ಳಿ. ದಾರಿ ಬಿಟ್ಟವರಿಗೆ ಸ್ಟೀರಿಂಗ್ ಮೇಲಿನ ಒಂದು ಬೆರಳೆತ್ತಿದರೆ ಸಾಕು, ಥ್ಯಾಂಕ್ಸ್ ಹೇಳಿದಂತಾಯಿತು. ಹಾರ್ನ್ ಮಾತ್ರ ಮುಟ್ಟಬೇಡಿ.

ಹಳ್ಳಿ ಮನೆಗಳಿಗೆ ಬಾಗಿಲು ನಂಬರ್ ಇರುವುದು ಅಪರೂಪ. 2015ರಲ್ಲಿ ಬಂದ ಏರ್‌ಕೋಡ್ ಈ ಗೋಳು ತಪ್ಪಿಸಿತು: ಒಂದೊಂದು ವಿಳಾಸಕ್ಕೂ ಅದರದೇ ಏಳು ಅಕ್ಷರ–ಅಂಕಿಗಳ ಸಂಕೇತ. ಅದನ್ನು ಮ್ಯಾಪ್‌ಗೆ ಹಾಕಿದರೆ ಸೀದಾ ಅಂಗಳಕ್ಕೇ ತಲುಪಿಸುತ್ತದೆ. ಮ್ಯಾಪ್ ಹೇಳುವ ಸಮಯಕ್ಕೆ ಮಾತ್ರ ಅರ್ಧದಷ್ಟು ಸೇರಿಸಿಕೊಳ್ಳಿ. ದಿನಕ್ಕೆ 150 ಕಿ.ಮೀ. ಧಾರಾಳವಾಯಿತು. ಒಂದು ಮನೆಯಲ್ಲಿ ಎರಡು ರಾತ್ರಿಯಾದರೂ ಇರಿ, ಇಲ್ಲವಾದರೆ ಪ್ಯಾಕಿಂಗ್, ಅನ್‌ಪ್ಯಾಕಿಂಗ್‌ನಲ್ಲೇ ರಜೆ ಮುಗಿಯುತ್ತದೆ. ಗೇಲ್ಟಾಕ್ಟ್ ಎಂಬ ಐರಿಷ್ ಭಾಷೆಯ ಸೀಮೆಯಲ್ಲಿ ಊರಿನ ಫಲಕಗಳು ಐರಿಷ್‌ನಲ್ಲಷ್ಟೇ ಇರುತ್ತವೆ. ಆ ಸೀಮೆಯ ಡಿಂಗಲ್‌ಗೆ ಹೋಗುವಾಗ ಊರಿನ ಐರಿಷ್ ಹೆಸರನ್ನು ಬರೆದಿಟ್ಟುಕೊಳ್ಳಿ.

ಊಟದ ವಿಷಯದಲ್ಲಿ ನಮ್ಮವರಿಗೆ ಎಚ್ಚರ ಬೇಕು. ಬೆಳಗಿನ ತಟ್ಟೆಯಲ್ಲಿ ಸಾಸೇಜ್, ಬೇಕನ್ ಜೊತೆ ಕಾಣುವ ಬ್ಲ್ಯಾಕ್ ಪುಡಿಂಗ್ ರಕ್ತ ಸೇರಿಸಿ ಮಾಡಿದ್ದು, ವೈಟ್ ಪುಡಿಂಗ್ ಹಂದಿಮಾಂಸದ್ದು. ವೆಜಿಟೇರಿಯನ್ ಎಂದರೆ ಅವರು ಮೊಟ್ಟೆ ಕೊಡುತ್ತಾರೆ. ಅದೂ ಬೇಡವಾದರೆ ಬಿಡಿಸಿ ಹೇಳಬೇಕು. ಮಜ್ಜಿಗೆ, ಅಡುಗೆ ಸೋಡ ಹಾಕಿ ಮನೆಯಲ್ಲೇ ಸುಟ್ಟ ಕಂದು ಬ್ರೆಡ್ಡು, ಬೆಣ್ಣೆ, ಓಟ್ಸ್ ಗಂಜಿ, ಇವಿಷ್ಟರಲ್ಲೇ ಹೊಟ್ಟೆ ತುಂಬುತ್ತದೆ. ರಾತ್ರಿಯೂಟ ಹೆಚ್ಚಿನ ಮನೆಗಳಲ್ಲಿಲ್ಲ, ಹಳ್ಳಿಯ ಪಬ್ಬಿನಲ್ಲಿ ಒಂಬತ್ತರೊಳಗೆ ಅಡುಗೆಮನೆ ಮುಚ್ಚುತ್ತಾರೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಹೊತ್ತಾದದ್ದೇ ತಿಳಿಯುವುದಿಲ್ಲ. ಊರಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡ, ಖೋವಾ ಬೇಡ. ಹೊರದೇಶದ ಹಾಲಿನ, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ ಎಂಬುದು ಐರೋಪ್ಯ ಒಕ್ಕೂಟದ ನಿಯಮ. ಕಾಲುಬಾಯಿ ಜ್ವರದಂಥ ರೋಗ ಬಂದೀತೆಂಬ ಭಯ ಇದಕ್ಕೆ ಕಾರಣ. ಅದೇ ಕಾರಣಕ್ಕೆ, ಹೊರಡುವ ಮುಂಚೆ ನಮ್ಮಲ್ಲಿ ಕೊಟ್ಟಿಗೆಗೆ ಹೋಗಿಬಂದ ಚಪ್ಪಲಿ, ಬೂಟನ್ನು ಒಯ್ಯಬೇಡಿ. ಅಲ್ಲಿನ ಹೊಲಗಳಲ್ಲಿ ಓಡಾಡುವಾಗ ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಹಾಲು ಕರೆಯುವುದನ್ನು ನೋಡಬೇಕಾದರೆ ಕೇಳಿಯೇ ಹೋಗಿ.

ಮೊದಲ ಸಲಕ್ಕೆ ನಾನು ಸೂಚಿಸುವ ದಾರಿ ದಕ್ಷಿಣದ್ದು. ಡಬ್ಲಿನ್ನಿಂದ ಎಂ7, ಆಮೇಲೆ ಎಂ8 ಹಿಡಿದು, ನಡುವೆ ಹಳೇ ಚರ್ಚಿನ ಅವಶೇಷಗಳಿರುವ ಕ್ಯಾಷೆಲ್ ಬಂಡೆ ನೋಡಿ, ಪೂರ್ವ ಕಾರ್ಕ್‌ನಲ್ಲಿ ಒಂದು ಮನೆ. ಅಲ್ಲಿಂದ ಕೆರ್ರಿ ಕೌಂಟಿ. ಕಿಲಾರ್ನಿಯ ಮಕ್ರಾಸ್‌ನಲ್ಲಿ ಕರೆಂಟು ಬರುವ ಮುಂಚಿನ 1930–40ರ ದಶಕದ ಬೇಸಾಯದ ಮನೆಗಳನ್ನು ಹಾಗೆಯೇ ಕಟ್ಟಿಟ್ಟಿದ್ದಾರೆ. ನೀವು ತಂಗಿದ ಮನೆ ಆಗ ಹೇಗಿತ್ತೆಂಬುದು ಅಲ್ಲಿ ತಿಳಿಯುತ್ತದೆ. ಆಮೇಲೆ ಟಾರ್ಬರ್ಟ್‌ನಲ್ಲಿ ಕಾರನ್ನು ಫೆರ್ರಿಗೆ ಹತ್ತಿಸಿ; 20 ನಿಮಿಷದಲ್ಲಿ ಷಾನನ್ ನದಿಯ ಆಚೆ, ಕ್ಲೇರ್ ಕೌಂಟಿಯಲ್ಲಿರುತ್ತೀರಿ. ಸುತ್ತಿ ಹೋಗುವ 137 ಕಿ.ಮೀ. ಉಳಿಯುತ್ತದೆ. ಕ್ಲೇರ್‌ನಲ್ಲಿ ಎರಡು ರಾತ್ರಿ ಕಳೆದು, ಗಾಲ್ವೇ ಕಡೆಯಿಂದ ಎಂ6, ಆಮೇಲೆ ಎಂ4ರಲ್ಲಿ ಡಬ್ಲಿನ್ನಿಗೆ ವಾಪಸ್.

ಕಾರು ಮರಳಿಸುವಾಗ ಟ್ಯಾಂಕ್ ತುಂಬಿಸಿ. ಬಂಕ್‌ನಲ್ಲಿ ನೀವೇ ಹಾಕಿಕೊಳ್ಳಬೇಕು, ಹಸಿರು ಹಿಡಿಕೆ ಪೆಟ್ರೋಲ್, ಕಪ್ಪು ಡೀಸೆಲ್. ನಾಲ್ಕೂ ಚಕ್ರದ ಫೋಟೊ ತೆಗೆದುಕೊಳ್ಳಿ. ಡಬ್ಲಿನ್ ಸುತ್ತಿನ ಎಂ50ರಲ್ಲಿ ಟೋಲ್ ಗೇಟಿಲ್ಲ, ಕ್ಯಾಮೆರಾ ಮಾತ್ರ. ಬಾಡಿಗೆ ಕಂಪನಿ ಕಟ್ಟದಿದ್ದರೆ ಮರುದಿನ ರಾತ್ರಿ 8ರೊಳಗೆ ನೀವೇ ಆನ್‌ಲೈನ್‌ನಲ್ಲಿ ಕಟ್ಟಬೇಕು, ತಡವಾದರೆ ದಂಡ.